ಮಗ್ಗುಲು ಬದಲಾಯಿಸಿದ ಸುರಂಗ

ಈ ಕಥೆಯನ್ನು ಮೂವರು ಮೂರು ಬಗೆಯಾಗಿ ಹೇಳುತ್ತಾರೆ. ಬಡಗಿಯ ಕಡೆಯವರು ಹೇಳುವಾಗ ತಪ್ಪೆಲ್ಲ ಇಟ್ಟಿಗೆಯದು. ಗಾರೆ ಮೇಸ್ತ್ರಿಯ ಕಡೆಯವರು ಹೇಳುವಾಗ ತಪ್ಪೆಲ್ಲ ಮರದ್ದು. ಗಾಡಿ ತೊಳೆಯುತ್ತಿದ್ದ ಹೆಂಗಸು ಹೇಳುವಾಗ ಮಾತ್ರ ತಪ್ಪು ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ಆಕೆ ಮೇಸ್ತ್ರಿಗೆ ಮಗಳು, ಬಡಗಿಗೆ ಸೊಸೆ. ಹಂಚುವುದು ಆಕೆಗೆ ಅಭ್ಯಾಸವಾಗಿತ್ತು. ಹೇಳಿಕೆಗಳು ಬೇರೆಯಾಗುವಲ್ಲೆಲ್ಲ ಇಲ್ಲಿ ಅವಳ ಮಾತನ್ನೇ ಹಿಡಿದಿದೆ. ಆಕೆಯ ಗಂಡ ಗಾರ್ಡ್ ಕೆಲಸದವನು, ವಾರದಲ್ಲಿ ಐದು ದಿನ ಹಳಿಯ ಮೇಲೆ. ಅವನು ಈ ಕಥೆಯಲ್ಲಿ ಬರುವುದಿಲ್ಲ. ಬಂದಿದ್ದರೂ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲವೆಂದು ಅವನ ತಾಯಿಯೇ ಹೇಳುತ್ತಾಳೆ.

ಗಾಡಿಯೆಂದರೆ ಅದೊಂದು ಹಳೆಯ ಊಟದ ಬೋಗಿ. ಹೊಸಕಾಲದ ಉದ್ದನೆಯ ಬೋಗಿಗಳು ಬಂದ ಮೇಲೆ ಆ ಕುಳ್ಳ ಗಾಡಿಯನ್ನು ಶೆಡ್ಡಿನ ಹಿಂದಿನ ಹಳಿಯ ಮೇಲೆ ನಿಲ್ಲಿಸಿ ಮರೆತಿದ್ದರು. ಚಕ್ರದ ನಡುವೆ ಹುಲ್ಲು ಬೆಳೆದು, ಕಿಟಕಿಯಲ್ಲಿ ಗುಬ್ಬಿ ಗೂಡು ಕಟ್ಟಿ, ಗಾಡಿ ಇನ್ನೇನು ಗುಜರಿಗೆ ಹೋಗಬೇಕು ಎನ್ನುವಷ್ಟರಲ್ಲಿ ಮೇಲಿನಿಂದ ಒಂದು ಆದೇಶ ಬಂತು: ಮೇಜು, ಕುರ್ಚಿ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಕಿತ್ತು, ಇದನ್ನು ಸುರಂಗ ಅಳೆಯುವ ಗಾಡಿಯಾಗಿ ಮಾಡತಕ್ಕದ್ದು.

ಮಾಡಿದವನು ಬಡಗಿ. ಗಾಡಿಯ ಎರಡೂ ಪಕ್ಕದಲ್ಲಿ, ಮಾಡಿನ ಮೇಲೆ, ಸುತ್ತಲೂ ಅರವತ್ತು ತೂತು ಕೊರೆದು ಅರವತ್ತು ಬೆತ್ತದ ಕಡ್ಡಿಗಳನ್ನು ಹೊರಚಾಚಿ ನಿಲ್ಲಿಸಿದ. ರೈಲಿಗೂ ಸುರಂಗದ ಗೋಡೆಗೂ ನಡುವೆ ಎಷ್ಟು ಜಾಗ ಇರಲೇಬೇಕೋ ಅಷ್ಟೇ ಉದ್ದ ಒಂದೊಂದು ಕಡ್ಡಿ. ಗೋಡೆ ಎಲ್ಲಾದರೂ ಮುಂದೆ ಬಂದಿದ್ದರೆ ಕಡ್ಡಿಯ ತುದಿ ತಾಗುತ್ತದೆ, ಕಡ್ಡಿ ಹಿಂದಕ್ಕೆ ಬಾಗುತ್ತದೆ, ಅದರ ಬುಡಕ್ಕೆ ಕಟ್ಟಿದ ದಾರ ಗಾಡಿಯೊಳಗಿನ ಗಂಟೆಯನ್ನು ಎಳೆಯುತ್ತದೆ. ಕಡ್ಡಿಗೂ ಗಂಟೆಗೂ ಒಂದೇ ನಂಬರು. ತಾಗಿದ ಗುರುತು ಉಳಿಯಲೆಂದು ಪ್ರತಿಸಲವೂ ತುದಿಗೆ ಸುಣ್ಣ ಬಳಿಯಬೇಕು. ಮೈತುಂಬ ಕಡ್ಡಿ ನಿಮಿರಿಸಿಕೊಂಡು ನಿಂತ ಗಾಡಿಗೆ ಶೆಡ್ಡಿನವರು ಮುಳ್ಳಜ್ಜಿ ಎಂದು ಹೆಸರಿಟ್ಟರು.

ಅಲ್ಲಿಯವರೆಗೆ ಸುರಂಗವನ್ನು ಅಳೆಯುತ್ತಿದ್ದವನು ಗಾರೆ ಮೇಸ್ತ್ರಿ. ಆ ಹಾದಿಯ ಮಿಕ್ಕ ಸುರಂಗಗಳೆಲ್ಲ ಬಂಡೆ ಕೊರೆದವು, ಅಗಲವಾದವು. ಇದೊಂದು ಮಾತ್ರ ಸಡಿಲ ಮಣ್ಣಿನ ಗುಡ್ಡದೊಳಗೆ ಇಟ್ಟಿಗೆ ಕಟ್ಟಿ ನಿಲ್ಲಿಸಿದ ಇಕ್ಕಟ್ಟಾದ ಸುರಂಗ. ಇಪ್ಪತ್ತೊಂಬತ್ತು ವರ್ಷ ಅದರ ಒಂದೊಂದು ಇಟ್ಟಿಗೆಯನ್ನೂ ಮೇಸ್ತ್ರಿ ಕೈಯಾರೆ ತಡವಿ ನೋಡಿಕೊಂಡಿದ್ದ. ಯಾವುದನ್ನೇ ಆಗಲಿ ಮೂರು ಸಲ ಅಳೆಯದೆ ಒಪ್ಪುತ್ತಿರಲಿಲ್ಲವಾದ್ದರಿಂದ ಅವನನ್ನು ಮೂರಳತೆಯವನು ಎನ್ನುತ್ತಿದ್ದರು. ಬಡಗಿಯದು ಇದಕ್ಕೆ ತದ್ವಿರುದ್ಧ. ಒಮ್ಮೆ ಅಳೆದದ್ದನ್ನು ಅವನು ಮತ್ತೆ ಅಳೆಯುತ್ತಿರಲಿಲ್ಲ. "ಎರಡನೇ ಸಲ ಅಳೆಯೋನಿಗೆ ಮೊದಲನೇ ಸಲ ಕಣ್ಣಿರಲಿಲ್ಲ ಅಂತರ್ಥ" ಎಂಬುದು ಅವನ ಮಾತು. ಅವನ ಹೆಸರು ಒಂದಳತೆಯವನು. ಇಂಥ ಇಬ್ಬರು ಬೀಗರಾದರೆ ಮನೆಯಲ್ಲಿ ಬೇರೆ ಮನರಂಜನೆ ಬೇಕಾಗುವುದಿಲ್ಲ.

ಮುಳ್ಳಜ್ಜಿ ಮೊದಲ ಸಲ ಹೊರಟ ದಿನ ಬಡಗಿ ಕೈಕಟ್ಟಿ ನಿಂತು ಹೇಳಿದ: "ಬೀಗರೇ, ಇನ್ಮೇಲೆ ಕೋಲು ಹಿಡ್ಕೊಂಡು ಕತ್ತಲಲ್ಲಿ ಗೋಡೆ ತಡವೋ ಕಷ್ಟ ನಿಮಗಿಲ್ಲ. ಅರವತ್ತು ಬೆರಳಿರೋ ಗಾಡಿ ಮಾಡ್ಕೊಟ್ಟಿದೀನಿ."

"ಬೆರಳು ಅರವತ್ತಿದೆ ಸರಿ. ತಲೆ ಒಂದಾದ್ರೂ ಇಟ್ಟಿದೀರೋ, ಅದನ್ನ ಮನೇಲೇ ಮರೆತು ಬಂದ್ರೋ?"

"ತಲೆಗೇಂತ ಸಾಹೇಬ್ರು ಕೂತಿದಾರಲ್ಲ ಒಳಗೆ."

ಅಳತೆ ಸಾಹೇಬರು ಕೂತಿದ್ದುದು ನಿಜ. ತೆಳ್ಳನೆಯ, ಅಚ್ಚುಕಟ್ಟಾದ ಮನುಷ್ಯ. ಪೆನ್ಸಿಲಿನ ತುದಿಯನ್ನು ಗಂಟೆಗೊಮ್ಮೆ ಹೆರೆಯುವವರು. ಎಂಜಿನ್ ಗಾಡಿಯನ್ನು ನಿಧಾನವಾಗಿ ಸುರಂಗದೊಳಗೆ ತಳ್ಳಿಕೊಂಡು ಹೋಯಿತು. ನೂರು ಹೆಜ್ಜೆಯವರೆಗೆ ಎಲ್ಲ ಶಾಂತ. ಆಮೇಲೆ ಹದಿನೇಳನೆಯ ಗಂಟೆ ಕಿಣಿಕಿಣಿ ಎಂದಿತು, ಎನ್ನುತ್ತಲೇ ಇತ್ತು, ಅರವತ್ತು ಮಾರು ದೂರ ನಿಲ್ಲಲಿಲ್ಲ. ಹದಿನೇಳನೆಯ ಕಡ್ಡಿ ಇದ್ದುದು ಎಡಪಕ್ಕದಲ್ಲಿ. ಸಾಹೇಬರು ಬರೆದುಕೊಂಡರು: ಸುರಂಗದ ಎಡಗೋಡೆ ಉಬ್ಬಿದೆ.

"ಹೋದ ತಿಂಗಳು ತಾನೇ ಅಳೆದಿದೀನಿ ಸಾಹೇಬ್ರೇ," ಎಂದ ಮೇಸ್ತ್ರಿ. "ಮೂರು ಸಲ."

"ಕೋಲಿನ ಅಳತೆ ಬೇರೆ, ಇದು ಬೇರೆ. ಗಂಟೆ ಹೊಡೆದಿದೆ ಮೇಸ್ತ್ರಿ."

"ಗಂಟೆ ಹೊಡೆದ್ರೆ ಊಟಕ್ಕೆ ಏಳಬಹುದು. ಗೋಡೆ ಹೇಗೆ ಏಳುತ್ತೆ?"

ಅವನ ಒತ್ತಾಯಕ್ಕೆ ಸಾಹೇಬರು ಮಾರನೆಯ ದಿನವೂ ಗಾಡಿ ಓಡಿಸಿದರು. ಅದೇ ಜಾಗ, ಅದೇ ಹದಿನೇಳು. ಸಂಜೆಗೆ ಆದೇಶ ಬಂತು: ಎಡಗೋಡೆಯನ್ನು ಅರವತ್ತು ಮಾರು ಉದ್ದಕ್ಕೂ ಎರಡು ಬೆರಳು ಆಳ ಕೆತ್ತಿ ಹಿಂದಕ್ಕೆ ಸರಿಸತಕ್ಕದ್ದು. ಹನ್ನೆರಡು ದಿನದ ಗಡುವು. ಅಷ್ಟರೊಳಗೆ ಮೇಸ್ತ್ರಿ ಕೆತ್ತದಿದ್ದರೆ ಹೊರಗಿನ ಆಳುಗಳು ಬಂದು ಕೆತ್ತುತ್ತಾರೆ.

ಮೇಸ್ತ್ರಿ ಅಂದು ಊಟ ಬಿಡಲಿಲ್ಲ, ಕೂಗಾಡಲಿಲ್ಲ. ಸುಟ್ಟ ಇಟ್ಟಿಗೆಯ ಮುಖ ಕೆತ್ತಿದರೆ ಒಳಗಿನ ಮೆತ್ತನೆಯ ಭಾಗ ಬಯಲಾಗಿ ನೀರು ಕುಡಿಯುತ್ತದೆ, ಐದಾರು ವರ್ಷದಲ್ಲಿ ಗೋಡೆ ಪುಡಿಯಾಗುತ್ತದೆ ಎಂದು ಸಾಹೇಬರಿಗೆ ಸಮಾಧಾನವಾಗಿ ವಿವರಿಸಿದ. ಆಮೇಲೆ ಮಗಳಿಗೆ ಹೇಳಿದ: "ನಾನಂತೂ ಕೆತ್ತೋದಿಲ್ಲ. ಬೇರೆಯವರು ಕೆತ್ತೋದನ್ನ ನೋಡ್ತಾ ನಿಲ್ಲೋದೂ ಇಲ್ಲ. ನಿವೃತ್ತಿಗೆ ಒಂದು ವರ್ಷ ಇದೆ. ಇರಲಿ. ಗಡುವು ಮುಗಿಯೋ ದಿನ ಕರಣೆ, ಮಟ್ಟಗೋಲು ಎಲ್ಲ ಆಫೀಸಿಗೆ ಒಪ್ಪಿಸಿ ಬಂದುಬಿಡ್ತೀನಿ." ಸಾಹೇಬರ ಮುಂದೆ ಒಂದೇ ಒಂದು ಬೇಡಿಕೆಯಿಟ್ಟ: ಗಾಡಿ ಇನ್ನೊಂದು ಸಲ ಓಡಬೇಕು. ಎರಡೇ ಸಲ ಅಳೆದ ಅಳತೆಗೆ ತಲೆಬಾಗುವುದು ಅವನ ಜಾಯಮಾನಕ್ಕೆ ಒಗ್ಗುವುದಾಗಿರಲಿಲ್ಲ. ಕಡೆಯ ದಿನ ಬೆಳಿಗ್ಗೆ ಮೂರನೆಯ ಓಟವೆಂದು ಸಾಹೇಬರು ಒಪ್ಪಿದರು.

ಇತ್ತ ಬಡಗಿಯ ಮನೆಯಲ್ಲಿ ಮಾತು ಕಡಿಮೆಯಾಯಿತು. ಬೀಗರನ್ನು ಹಂಗಿಸಲು ಇಷ್ಟು ದೊಡ್ಡ ಅವಕಾಶ ಸಿಕ್ಕಿಯೂ ಅವನು ಬಾಯಿ ತೆರೆಯದಿದ್ದುದನ್ನು ಕಂಡು ಹೆಂಡತಿ ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳಂತೆ. "ನನ್ನ ಗಾಡಿ ಸುಳ್ಳು ಹೇಳೋದಿಲ್ಲ" ಎಂದಷ್ಟೇ ಅವನು ಹೇಳಿದ; ಹೇಳಿ, ಆ ಮಾತು ತನಗೇ ಇಷ್ಟವಾಗದವನಂತೆ ಎದ್ದುಹೋದ.

ಗಡುವಿಗೆ ಎರಡು ದಿನ ಉಳಿದಿತ್ತು. ಸೊಸೆ ಎಂದಿನಂತೆ ಬಕೆಟ್ಟು, ಪೊರಕೆ ಹಿಡಿದು ಮುಳ್ಳಜ್ಜಿಯ ನೆಲ ತೊಳೆಯುತ್ತಿದ್ದಳು. ಹೊಯ್ದ ನೀರು ಎಂದಿನಂತೆ ತಾನಾಗಿಯೇ ಎಡಮೂಲೆಗೆ ಹರಿದು, ಅಲ್ಲಿದ್ದ ತೂತಿನಿಂದ ಹೊರಗೆ ಹೋಯಿತು. ಇಪ್ಪತ್ತು ದಿನಗಳಿಂದ ಅವಳು ಇದನ್ನು ನೋಡುತ್ತಿದ್ದಳು, ಗುಡಿಸುವ ಶ್ರಮ ಉಳಿಯಿತೆಂದು ಸಂತೋಷಪಡುತ್ತಿದ್ದಳು. ಆ ದಿನ ಮಾತ್ರ ಪೊರಕೆ ಹಿಡಿದು ಹಾಗೆಯೇ ನಿಂತಳು. ಸಮನಾದ ನೆಲದ ಮೇಲೆ ನೀರಿಗೆ ಒಂದೇ ಮೂಲೆಯ ಮೇಲೆ ಇಷ್ಟೇಕೆ ಪ್ರೀತಿ?

ಆ ಮೂಲೆಯಲ್ಲಿ ಒಂದು ಬೆಂಚು ಇತ್ತು, ನಾಲ್ಕೂ ಕಡೆ ಹಲಗೆ ಹೊಡೆದು ಪೆಟ್ಟಿಗೆಯಂತೆ ಮುಚ್ಚಿದ ಬೆಂಚು. ಬೆರಳಿನಿಂದ ತಟ್ಟಿದಳು. ಟೊಳ್ಳು ಪೆಟ್ಟಿಗೆಯ ಸದ್ದು ಬರಲಿಲ್ಲ. ಬಲಗಡೆಗೆ ನೋಡಿದಳು, ಅಲ್ಲಿ ಬರಿಯ ನೆಲ.

ಮನೆಗೆ ಬಂದಾಗ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಳು.

"ಅತ್ತೆ, ಗಾಡಿಯಲ್ಲಿ ಆ ಎಡಗಡೆ ಬೆಂಚಿದೆಯಲ್ಲ, ಅದರೊಳಗೆ ಏನಿದೆ?"

"ಗಾಳಿ," ಎಂದಳು ಅತ್ತೆ, ಚಾಕು ನಿಲ್ಲಿಸದೆ.

"ತಟ್ಟಿ ನೋಡ್ದೆ. ಗಾಳಿ ಅಷ್ಟು ಗಟ್ಟಿಯಾಗಿರೋದಿಲ್ಲ."

"ಹಾಗಾದ್ರೆ ನಿಮ್ಮಪ್ಪ."

ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಚಾಕು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು: "ನಿಮ್ಮಪ್ಪ ಕಟ್ಟಿದ ಒಲೆ. ಆ ಗಾಡಿ ಊಟದ ಬೋಗಿಯಾಗಿದ್ದಾಗ ಅಡಿಗೆ ಮಾಡೋಕೆ ಇಟ್ಟಿಗೆ ಒಲೆ ಬೇಕು ಅಂತ ಸುರಂಗದಿಂದ ಅವರನ್ನ ಕರೆಸಿದ್ರು. ನಿಮ್ಮ ಮಾವ ಅದೇ ಗಾಡೀಲಿ ಬೀರು ಮಾಡ್ತಿದ್ರು. ಇಬ್ಬರಿಗೂ ಪರಿಚಯ ಆಗಿದ್ದೇ ಅಲ್ಲಿ, ಎಂಟು ದಿನ ಜಗಳ ಆಡ್ಕೊಂಡು. ಆ ಒಲೆ ಇಲ್ದೇ ಇದ್ರೆ ನೀನು ಈ ಮನೇಲಿ ಇರ್ತಿರಲಿಲ್ಲ."

"ಅದನ್ನ ಒಡೆದು ತೆಗೀಬೇಕು ಅಂತ ಆದೇಶ ಇತ್ತಲ್ಲ."

"ಇತ್ತು. ಸುತ್ತಿಗೆ ತಗೊಂಡು ಮೂರು ದಿನ ಹೋದ್ರು, ಮೂರು ದಿನಾನೂ ಹಾಗೇ ವಾಪಸ್ ಬಂದ್ರು. ನಾಲ್ಕನೇ ದಿನ ಸುತ್ತಿಗೆ ಜೊತೆ ಹಲಗೆ ತಗೊಂಡು ಹೋಗಿ ಮುಚ್ಚಿಬಿಟ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಬೇರೆ ಹಾಕಿಸಿದ್ರು."

"ಸಾಹೇಬ್ರ ಭಯಾನಾ?"

"ಸಾಹೇಬ್ರ ಭಯ ಯಾರಿಗೆ? ಒಲೆ ಉಳಿಸಿಕೊಂಡಿದ್ದು ಬೀಗರಿಗೆ ಗೊತ್ತಾದ್ರೆ ಸಾಯೋವರೆಗೂ ಆಡಿಕೊಳ್ತಾರೆ ಅನ್ನೋ ಭಯ."

ಸೊಸೆಗೆ ಈಗ ಎಲ್ಲ ತಿಳಿಯಿತು. ಎಡಗಡೆ ಇಟ್ಟಿಗೆಯ ಒಲೆ, ಬಲಗಡೆ ಅಷ್ಟೇ ಭಾರದ ನೀರಿನ ತೊಟ್ಟಿ. ಗಾಡಿ ಇಷ್ಟು ವರ್ಷ ಎರಡು ಭಾರಗಳ ನಡುವೆ ತಕ್ಕಡಿಯಂತೆ ಸಮನಾಗಿ ನಿಂತಿತ್ತು. ಮಾವ ಕೆಲಸ ಶುರುಮಾಡುವ ಮೊದಲೇ ನೆಲದ ಮಟ್ಟ ತೋರಿಸುವ ರಸಮಟ್ಟವಿಟ್ಟು ನೋಡಿದ್ದ, ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ಆಮೇಲೆ ತೊಟ್ಟಿ ಹೋಯಿತು, ಒಲೆ ಉಳಿಯಿತು. ಒಂದಳತೆಯವನು ಎರಡನೆಯ ಸಲ ಅಳೆಯಲಿಲ್ಲ. ಗಾಡಿ ಎಡಕ್ಕೆ ಎರಡು ಬೆರಳು ವಾಲಿತ್ತು. ವಾಲಿದ ಗಾಡಿ ಸುರಂಗ ತೀರ ಇಕ್ಕಟ್ಟಾದ ಕಡೆ ಹೋಗಿ ಗೋಡೆಯ ಮೇಲೆ ಚಾಡಿ ಹೇಳಿತ್ತು.

"ಮಾವನಿಗೆ ಹೇಳಲಾ ಅತ್ತೆ?"

"ಹೇಳು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇದು ತೋರಿಸಿದ್ರೆ ಅದು ಬಾಲ ಅಂತಾರೆ."

"ಸಾಹೇಬ್ರಿಗೆ ಹೇಳಿದ್ರೆ ಮಾವನ ಮರ್ಯಾದೆ ಹೋಗುತ್ತೆ. ಸುಮ್ನಿದ್ರೆ ಅಪ್ಪನ ಗೋಡೆ ಹೋಗುತ್ತೆ." ಅವಳ ದನಿ ಸಣ್ಣಗಾಯಿತು. "ನಾಳಿದ್ದು ಅಪ್ಪ ಕರಣೆ ಒಪ್ಪಿಸಿಬಿಡ್ತಾರೆ."

ಅತ್ತೆ ಹೆಚ್ಚಿದ ಈರುಳ್ಳಿಯನ್ನು ಬದಿಗೆ ಸರಿಸಿದಳು. "ಹೇಳೋದು ಯಾಕೆ? ಕನ್ನಡಿ ಮುಂದೆ ನಿಂತಾಗ ಒಂದು ಕಲೆ ಕಾಣುತ್ತೆ ಅಂತಿಟ್ಕೋ. ಅದು ಸೀರೆ ಮೇಲಿದೆಯೋ, ಕನ್ನಡಿ ಮೇಲಿದೆಯೋ ಗೊತ್ತಾಗ್ತಿಲ್ಲ. ಏನ್ಮಾಡ್ತೀಯ?"

"ಸ್ವಲ್ಪ ಸರಿದು ನಿಲ್ತೀನಿ. ಸೀರೆ ಮೇಲಿದ್ರೆ ನನ್ನ ಜೊತೆ ಬರುತ್ತೆ."

"ಮತ್ತೆ," ಎಂದು ಅತ್ತೆ ಚಾಕು ಕೈಗೆತ್ತಿಕೊಂಡಳು.

ಮಾರನೆಯ ದಿನ ಸಾಹೇಬರು ಗಾಡಿಯನ್ನು ನೋಡಲು ಬಂದಾಗ, ಎಡಪಕ್ಕದ ಕಡ್ಡಿಗಳ ತುದಿಯಲ್ಲಿ ಸುಣ್ಣ ಇನ್ನೂ ಹಸಿಯಾಗಿ ತೊಟ್ಟಿಕ್ಕುತ್ತಿತ್ತು.

"ಇದೇನಮ್ಮ, ಒಣಗಿಲ್ಲವಲ್ಲ?"

"ಈ ಪಕ್ಕ ಶೆಡ್ಡಿನ ಗೋಡೆ ಕಡೆಗಿದೆ ಸಾಹೇಬ್ರೇ, ಬಿಸಿಲು ಬೀಳೋದಿಲ್ಲ. ಗಾಡೀನ ತಿರುಗಿಸಿ ನಿಲ್ಲಿಸಿದ್ರೆ ಒಂದು ಗಂಟೇಲಿ ಒಣಗುತ್ತೆ."

ಸುಳ್ಳು ಹೇಳಲಿಲ್ಲವೆಂದು ಆಕೆ ಇಂದಿಗೂ ಒತ್ತಿ ಹೇಳುತ್ತಾಳೆ. ಸುಣ್ಣ ನಿಜವಾಗಿಯೂ ಒಣಗಿರಲಿಲ್ಲ. ಸಾಹೇಬರು ಬರುವ ಮೊದಲು ಅವಳೇ ಎರಡನೆಯ ಸಲ ಬಳಿದಿದ್ದಳು.

ಅಚ್ಚುಕಟ್ಟಿನ ಮನುಷ್ಯರಿಗೆ ಒಣಗದ ಸುಣ್ಣವೆಂದರೆ ಹಲ್ಲಿನಲ್ಲಿ ಸಿಕ್ಕ ನಾರಿದ್ದಂತೆ. ಎಂಜಿನ್ನುಗಳ ಮುಖ ತಿರುಗಿಸಲು ಅಂಗಳದಲ್ಲಿ ಒಂದು ಗುಂಡು ಹಳ್ಳ, ಅದರೊಳಗೆ ತಿರುಗುವ ತುಂಡುಹಳಿ ಇತ್ತು. ಮುಳ್ಳಜ್ಜಿಯನ್ನು ಅದರ ಮೇಲೆ ನಿಲ್ಲಿಸಿ ನಾಲ್ಕು ಆಳುಗಳು ನೂಕಿದರು. ಅಜ್ಜಿ ಗೊಣಗುತ್ತ, ಮುಲುಗುತ್ತ, ಬೆನ್ನು ತಿರುಗಿಸಿ ನಿಂತಳು. ಮುಂದಿದ್ದ ತುದಿ ಹಿಂದಾಯಿತು; ಎಡಪಕ್ಕ ಬಲಕ್ಕೆ ಬಂತು. ಸುಣ್ಣ ಚೆನ್ನಾಗಿ ಒಣಗಿತು. ಸಾಹೇಬರಿಗೆ ತೃಪ್ತಿಯಾಯಿತು.

ಮೂರನೆಯ ಓಟದ ಬೆಳಿಗ್ಗೆ ಮೇಸ್ತ್ರಿ ಒಗೆದ ಅಂಗಿ ತೊಟ್ಟು, ಉಪಕರಣಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದ. ಕರಣೆಯನ್ನು ಉಜ್ಜಿ ಹೊಳೆಯಿಸಿದ್ದ. ಬಡಗಿ ಅದನ್ನು ನೋಡಿಯೂ ನೋಡದವನಂತೆ ಕಿಟಕಿಯ ಚಿಲಕ ಸರಿಪಡಿಸುತ್ತ ನಿಂತ. ಚಿಲಕಕ್ಕೆ ಏನೂ ಆಗಿರಲಿಲ್ಲ. ಸೊಸೆ ಬಕೆಟ್ಟಿನೊಂದಿಗೆ ಮೂಲೆಯಲ್ಲಿದ್ದಳು. ಸಾಹೇಬರು ಪೆನ್ಸಿಲ್ ಹೆರೆದರು.

ಗಾಡಿ ಸುರಂಗ ಹೊಕ್ಕಿತು. ನೂರು ಹೆಜ್ಜೆ. ಹದಿನೇಳನೆಯ ಗಂಟೆ ಕಿಣಿಕಿಣಿ ಎಂದಿತು.

ಮೇಸ್ತ್ರಿ ಕಣ್ಣು ಮುಚ್ಚಿದ. ಸಾಹೇಬರು ಬರೆಯುತ್ತ ಗಟ್ಟಿಯಾಗಿ ಓದಿದರು: "ಎಡಗೋಡೆ. ಹದಿನೇಳು. ಮೂರನೆಯ ಸಲ."

"ಸಾಹೇಬ್ರೇ," ಎಂದಳು ಸೊಸೆ, ನೆಲ ನೋಡುತ್ತ. "ಗಾಡಿ ತಿರುಗಿಸಿದ ಮೇಲೆ ಹದಿನೇಳು ಬಲಗಡೆ ಅಲ್ವಾ ಇರೋದು?"

ಪೆನ್ಸಿಲು ನಿಂತಿತು. ಸಾಹೇಬರು ದೀಪ ಎತ್ತಿ ಬಲಗಡೆಯ ಕಿಟಕಿಗೆ ಹೋದರು. ಕಡ್ಡಿ ಬಾಗಿ ಬಲಗೋಡೆಯನ್ನು ಸವರಿಕೊಂಡು ಬರುತ್ತಿತ್ತು. ಎಡಗಡೆಗೆ ಓಡಿದರು. ಕೆತ್ತಬೇಕೆಂದು ಬರೆದಿದ್ದ ಆ ಗೋಡೆಯ ಎದುರು ಈಗ ಇದ್ದುದು ನಲವತ್ತನಾಲ್ಕನೆಯ ಕಡ್ಡಿ; ಅದು ಗೋಡೆಯಿಂದ ಗೌರವದ ದೂರ ಇಟ್ಟುಕೊಂಡು ನೆಟ್ಟಗೆ ಸಾಗುತ್ತಿತ್ತು.

"ಹೋದ ಸಲ ಉಬ್ಬಿದ್ದು ಎಡಗೋಡೆ," ಎಂದರು ಸಾಹೇಬರು ತಮ್ಮಷ್ಟಕ್ಕೆ. "ಈಗ ಬಲಗೋಡೆ ಉಬ್ಬಿದೆ. ಎಡಗಡೆ ಸರಿಯಾಗಿದೆ."

ಮೇಸ್ತ್ರಿ ಕಣ್ಣು ತೆರೆದ. "ಮಲಗಿದಲ್ಲೇ ಮಗ್ಗುಲು ಬದಲಾಯಿಸಿರಬೇಕು ಸಾಹೇಬ್ರೇ. ವಯಸ್ಸಾಯ್ತಲ್ಲ ಸುರಂಗಕ್ಕೆ. ಎಷ್ಟು ದಿನಾಂತ ಒಂದೇ ಕಡೆ ಮಲಗುತ್ತೆ, ಪಾಪ."

ಸುರಂಗ ದಾಟಿ ಬೆಳಕಿಗೆ ಬಂದೊಡನೆ ಗಾಡಿ ನಿಂತಿತು. ಯಾರೂ ಯಾರಿಗೂ ಏನೂ ಹೇಳುವ ಮೊದಲೇ ಬಡಗಿ ತನ್ನ ಚೀಲದಿಂದ ರಸಮಟ್ಟ ತೆಗೆದ. ಅವನ ಆಯುಷ್ಯದಲ್ಲಿ ಒಂದೇ ನೆಲದ ಮೇಲೆ ಎರಡನೆಯ ಸಲ ರಸಮಟ್ಟವಿಟ್ಟದ್ದು ಅದೇ ಮೊದಲು. ಗುಳ್ಳೆ ಸರ್ರನೆ ಓಡಿ, ಬೆಂಚಿಗೆ ದೂರವಾದ ತುದಿಯಲ್ಲಿ ಹೋಗಿ ಕೂತಿತು. ಬಡಗಿ ಅದನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತ.

ಈ ಕ್ಷಣದಲ್ಲಿ ಮೇಸ್ತ್ರಿ ಒಂದು ಗಾದೆ ಹೇಳಿದನೆಂದು ಅವನ ಕಡೆಯವರು ಹೇಳುತ್ತಾರೆ. ಹೇಳಲೇ ಇಲ್ಲ, ಬಾಯಿ ಮಾತ್ರ ತೆರೆದ ಎಂದು ಬಡಗಿಯ ಕಡೆಯವರು. ಅರ್ಧ ಹೇಳಿದನೆಂಬುದು ಮಗಳ ನೆನಪು. "ಕುಣಿಯಲಾರದವಳು..." ಎಂದು ಅವನು ಶುರುಮಾಡಿದ. ಅಷ್ಟರಲ್ಲಿ ಬಡಗಿ ಎದ್ದು ಬೆಂಚಿನ ಮುಂದಿನ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದ. ಹಲಗೆ ಕಳಚಿತು.

ಒಳಗೆ ಒಲೆ ಇತ್ತು. ಮಸಿಹಿಡಿದ, ಅಂಚು ಮುಕ್ಕಾಗದ ಒಲೆ. ಬಾಯಿಯ ಮೇಲಿನ ಗಾರೆಯಲ್ಲಿ, ಕೆಲಸ ಮುಗಿಸಿದಾಗಲೆಲ್ಲ ಮೇಸ್ತ್ರಿ ಒತ್ತುತ್ತಿದ್ದ ಹೆಬ್ಬೆರಳಿನ ಗುರುತು ಹಾಗೆಯೇ ಇತ್ತು. ಒಲೆಯ ಮೇಲೆ ಧೂಳು ಬೀಳದಿರಲೆಂದು ಯಾರೋ ಹಳೆಯ ಪಂಚೆಯ ತುಂಡೊಂದನ್ನು ಮಡಿಸಿ ಹೊದಿಸಿದ್ದರು. ಆ ಪಂಚೆಯ ಅಂಚು ಯಾರ ಮನೆಯದೆಂದು ಸೊಸೆಗೆ ಗೊತ್ತಿತ್ತು. ಅದನ್ನು ವರ್ಷಗಟ್ಟಲೆ ಒಗೆದವಳು ಅವಳೇ.

ಬಡಗಿ, ಗೋಡೆಗೆ ಹೇಳುವವನಂತೆ, "ಗಾದೆ ಪೂರ್ತಿ ಮಾಡಿ ಬೀಗರೇ," ಎಂದ.

"ಮರೆತುಹೋಯ್ತು," ಎಂದ ಮೇಸ್ತ್ರಿ.

ಸಾಹೇಬರು ಒಲೆಯನ್ನು ನೋಡಿದರು, ರಸಮಟ್ಟವನ್ನು ನೋಡಿದರು, ಗೋಡೆ ಕೆತ್ತುವ ಆದೇಶವನ್ನು ಮಡಿಸಿ, ಹರಿದು, ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಕಸವನ್ನು ಹೊರಗೆ ಎಸೆಯುವವರಲ್ಲ. "ಗೋಡೆ ವಿಷಯ ಮುಗೀತು ಮೇಸ್ತ್ರಿ. ಇದು ನೀವೇ ಕಟ್ಟಿದ್ದಂತೆ ಕಾಣುತ್ತೆ. ನೀವೇ ಒಡೆದು ತೆಗೆದುಬಿಡಿ."

"ಹನ್ನೆರಡು ದಿನದಿಂದ ಗೋಡೆ ಕೆತ್ತು ಅಂದ್ರಿ. ಈಗ ಒಲೆ ಒಡಿ ಅಂತೀರಿ. ನನ್ನ ಕೈಕೆಲಸದ ಮೇಲೆ ನಿಮಗೆ ಯಾಕಿಷ್ಟು ಕಣ್ಣು ಸಾಹೇಬ್ರೇ?"

"ಹಾಗಾದ್ರೆ ಬಡಗಿ ಒಡೀಲಿ."

"ಒಡೆಯೋ ಹಾಗಿದ್ರೆ ಆವತ್ತೇ ಒಡೀತಿದ್ದೆ," ಎಂದ ಬಡಗಿ. ಬಾಯಿಂದ ಮಾತು ಜಾರಿದ್ದು ತಿಳಿದು ಕಿವಿಯವರೆಗೂ ಕೆಂಪಾದ. ಮೇಸ್ತ್ರಿ ಅವನ ಕಡೆಗೆ ತಿರುಗಿ, ಒಲೆಯ ಮೇಲೆ ಪಂಚೆಯನ್ನು ಸರಿಮಾಡಿ ಹೊದಿಸಿದ. ಹಂಗಿಸಲಿಲ್ಲ. ಆ ದಿನದ ಮಟ್ಟಿಗೆ ಹಂಗಿಸಲಿಲ್ಲ ಎನ್ನುವುದು ಹೆಚ್ಚು ಸರಿ.

"ನೀರಿನ ತೊಟ್ಟಿ ಇದ್ದ ಜಾಗ ಖಾಲಿ ಇದೆಯಲ್ಲ," ಎಂದಳು ಸೊಸೆ. "ಆ ಕಡೇನೂ ಇಷ್ಟೇ ಭಾರ ಇಟ್ರೆ?"

ಸಾಹೇಬರು ಪೆನ್ಸಿಲಿನ ತುದಿಯನ್ನು ಪರೀಕ್ಷಿಸಿದರು. "ಗಾಡಿ ಮಟ್ಟಕ್ಕೆ ಬಂದ್ರೆ ನನಗೆ ಸಾಕು. ಬೆಂಚಿನೊಳಗೆ ಏನಿದೆ ಅನ್ನೋದನ್ನ ನಾನು ನೋಡಿಲ್ಲ."

ಮೇಸ್ತ್ರಿ ಚೀಲದಿಂದ ಕರಣೆ ತೆಗೆದ. ಆಫೀಸಿಗೆ ಒಪ್ಪಿಸಲೆಂದು ಉಜ್ಜಿ ತಂದ ಕರಣೆಗೆ ಅಂದೇ ಮಧ್ಯಾಹ್ನ ಮತ್ತೆ ಗಾರೆ ಮೆತ್ತಿತು. ತೊಟ್ಟಿ ಇದ್ದ ಜಾಗದಲ್ಲಿ ಅಷ್ಟೇ ಇಟ್ಟಿಗೆಯ ಕಟ್ಟೆ ಕಟ್ಟಿದ. ಬಡಗಿ ಅದಕ್ಕೂ ಹಲಗೆ ಹೊಡೆದು ಬೆಂಚು ಮಾಡಿದ. ಕೆಲಸ ಮುಗಿದಾಗ ಮೇಸ್ತ್ರಿ ರಸಮಟ್ಟವನ್ನು ಒಂದೇ ಸಲ ಇಟ್ಟು, "ಸರಿ ಇದೆ, ನಡೀರಿ" ಎಂದ. ಬಡಗಿ ಮಾತ್ರ ಮಂಡಿಯೂರಿ ಆ ತುದಿಯಲ್ಲೊಮ್ಮೆ, ಈ ತುದಿಯಲ್ಲೊಮ್ಮೆ, ನಡುವೆ ಒಮ್ಮೆ ಇಟ್ಟು ನೋಡಿದ.

"ಮೂರಾಯ್ತು ಬೀಗರೇ," ಎಂದ ಮೇಸ್ತ್ರಿ, ಬಾಗಿಲಲ್ಲಿ ನಿಂತು. "ಮೊದಲನೇ ಎರಡು ಸಲ ಕಣ್ಣಿರಲಿಲ್ವೋ?"

ನಾಲ್ಕನೆಯ ಓಟದಲ್ಲಿ ಅರವತ್ತು ಗಂಟೆಗಳಲ್ಲಿ ಒಂದೂ ಅಲುಗಲಿಲ್ಲ. ಅಷ್ಟು ನಿಶ್ಶಬ್ದವನ್ನು ನಂಬಲಾರದೆ ಸಾಹೇಬರು ಹದಿನೇಳನೆಯ ಗಂಟೆಯ ದಾರವನ್ನು ಕೈಯಿಂದಲೇ ಎಳೆದು, ಅದು ಇನ್ನೂ ಬದುಕಿದೆಯೆಂದು ಖಚಿತಪಡಿಸಿಕೊಂಡರಂತೆ. ಮೇಸ್ತ್ರಿ ಉಳಿದ ಒಂದು ವರ್ಷವನ್ನು ಕೆತ್ತದ ಗೋಡೆಯ ಜೊತೆಯಲ್ಲೇ ಕಳೆದು ನಿವೃತ್ತನಾದ.

ಇಲ್ಲಿಗೆ ಗಂಡಸರ ಕಥೆ ಮುಗಿಯುತ್ತದೆ. ಎರಡೂ ಕಡೆಯವರು ಇಲ್ಲಿಗೇ ನಿಲ್ಲಿಸುತ್ತಾರೆ. ಸೊಸೆಯ ಹೇಳಿಕೆಯಲ್ಲಿ ಮಾತ್ರ ಇನ್ನೊಂದು ಮಾತಿದೆ. ಮೊದಲೆಲ್ಲ ನೆಲಕ್ಕೆ ಒಂದು ಬಕೆಟ್ ನೀರು ಹೊಯ್ದರೆ ಅದು ತಾನೇ ಮೂಲೆಗೆ ಹರಿದು ಹೊರಗೆ ಹೋಗುತ್ತಿತ್ತು. ಈಗ ಗಾಡಿ ಸಮನಾಗಿ ನಿಂತಿದೆ. ಹೊಯ್ದ ನೀರು ನಟ್ಟನಡುವೆ ಹಾಗೆಯೇ ನಿಲ್ಲುತ್ತದೆ, ಎಡಕ್ಕೂ ಹೋಗದು, ಬಲಕ್ಕೂ ಹೋಗದು.

"ಇಬ್ಬರ ಮರ್ಯಾದೆ ಉಳೀತು," ಎನ್ನುತ್ತಾಳೆ ಆಕೆ. "ಬಗ್ಗಿ ಗುಡಿಸೋಳು ನಾನು."